‘ಊರು ಯಾವುದು?’ ಎಂದು ಕೇಳಿದರೆ ಸಾಕೇ? ಕೆಲಸಕ್ಕೆ ಜನ ಆರಿಸುವಾಗ ನಿಜಕ್ಕೂ ಉಪಯೋಗಕ್ಕೆ ಬರುವ ಪ್ರಶ್ನೆಗಳಿವು

ಮುಂಬೈ: ಸಯನ್, ಮಾಟುಂಗ, ವಡಾಲ ಭಾಗದ ಉಡುಪಿ ಹೋಟೆಲ್‌ಗಳಿಗೆ ಕೆಲಸ ಹುಡುಕಿಕೊಂಡು ಬಂದ ಹುಡುಗರಿಗೆ ಒಂದು ಕಾಲದಲ್ಲಿ ಎದುರಾಗುತ್ತಿದ್ದುದು ಎರಡೇ ಪ್ರಶ್ನೆ. ಊರು ಯಾವುದು? ಯಾರ ಮಗ? ಕುಂದಾಪುರದ ಇಂಥ ಮನೆಯವನು, ಕಾರ್ಕಳದ ಇಂಥವರ ಅಕ್ಕನ ಮಗ ಎಂದು ಗೊತ್ತಾದರೆ ಮುಗಿಯಿತು. ಮರುದಿನ ಬೆಳಗ್ಗೆ ಆತನ ಕೈಯಲ್ಲಿ ಮೇಜು ಒರೆಸುವ ಬಟ್ಟೆ ಇರುತ್ತಿತ್ತು.

ಇವತ್ತು ಆ ಪ್ರಶ್ನೆಗಳನ್ನು ಕೇಳಿ ನಗುವುದು ಸುಲಭ. ಆದರೆ ಅಂದಿಗೆ ಅವು ದಡ್ಡ ಪ್ರಶ್ನೆಗಳಾಗಿರಲಿಲ್ಲ. ರಾಮ ನಾಯಕ್ ಅವರು ಮಾಟುಂಗ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು 1942ರಲ್ಲಿ. ಆ ಕಾಲದಲ್ಲಿ ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಹೋಟೆಲ್‌ನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮತ್ತೆ ಹೋಟೆಲ್‌ಗೇ ಬಂದು ಮಲಗುತ್ತಿದ್ದರು. ಊಟ, ವಸತಿ, ಗಲ್ಲಾಪೆಟ್ಟಿಗೆ ಎಲ್ಲವೂ ಒಂದೇ ಸೂರಿನಡಿ. ಹುಡುಗ ಏನಾದರೂ ಎಡವಟ್ಟು ಮಾಡಿದರೆ ಊರಿಗೆ ಒಂದು ಕಾಗದ ಬರೆದರೆ ಸಾಕಿತ್ತು. ‘ಯಾರ ಮಗ’ ಎಂದು ಕೇಳುತ್ತಿದ್ದುದು ನಿಜದಲ್ಲಿ ಜಾಮೀನು.

ಈಗ ಆ ಜಾಮೀನು ಉಳಿದಿಲ್ಲ. ಹೋಟೆಲ್ ಕೆಲಸಕ್ಕೆ ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದಿಂದ ಜನ ಬರುತ್ತಾರೆ. ಮುಂಬೈ ಕನ್ನಡಿಗರೂ ಹೋಟೆಲ್‌ಗೆ ಸೀಮಿತರಾಗಿಲ್ಲ. ಕ್ಲಿನಿಕ್, ಕೋಚಿಂಗ್ ಕ್ಲಾಸ್, ಆಡಿಟ್ ಕಚೇರಿ, ಟ್ರಾವೆಲ್ಸ್ ನಡೆಸುತ್ತಿದ್ದಾರೆ. ಪತ್ರಿಕೆಯ ‘ಬೇಕಾಗಿದ್ದಾರೆ’ ಜಾಹೀರಾತು ವಾಟ್ಸ್ಆ್ಯಪ್ ಗ್ರೂಪ್‌ಗೆ ಬಂದಿದೆ. ಎಚ್‌ಆರ್ ವಿಭಾಗ ಇಲ್ಲದ ಇಂಥ ಸಣ್ಣ ಸಂಸ್ಥೆಗಳಲ್ಲಿ ಸಂದರ್ಶನ ಮಾಡುವವರು ಮಾಲೀಕರೇ. ಎದುರು ಕುಳಿತವರು ಅಪರಿಚಿತರು. ಬಾಯಿಗೆ ಬರುವುದು ಮಾತ್ರ ಅದೇ ಹಳೆಯ ಪ್ರಶ್ನೆ. ಜತೆಗೆ ಯೂಟ್ಯೂಬ್‌ನಲ್ಲಿ ಕೇಳಿದ ‘ನಿಮ್ಮ ದೌರ್ಬಲ್ಯ ಏನು?’, ‘ಐದು ವರ್ಷದ ನಂತರ ಎಲ್ಲಿರುತ್ತೀರಿ?’ ಎಂಬ ಎರಡು. ಹದಿನೈದು ದಿನಕ್ಕೆ ಹೊಸಬ ಕೆಲಸ ಬಿಟ್ಟು ಹೋದರೆ ‘ಈಗಿನ ಹುಡುಗರೇ ಸರಿಯಿಲ್ಲ’ ಎಂಬ ಮಾತು. ಎಷ್ಟೋ ಸಲ ಸರಿಯಿಲ್ಲದಿದ್ದುದು ಹುಡುಗನಲ್ಲ, ಅವನಿಗೆ ಕೇಳಿದ ಪ್ರಶ್ನೆ.

ಅಪ್ಪನ ಹೆಸರು ಕೇಳಿದ್ದು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು

ಸಂದರ್ಶನದಲ್ಲಿ ಏನು ಕೇಳಬೇಕು, ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದು ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಕನ್ನಡಿಗರ ಮಟ್ಟಿಗೆ ಹಳೆಯದು 1964ರ ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಪ್ರಕರಣ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟು ಹಂಚುವಾಗ ಸಂದರ್ಶನಕ್ಕೆ ಶೇ 25ರಷ್ಟು ಅಂಕ ಇಟ್ಟಿದ್ದನ್ನು ಅಲ್ಲಿ ಪ್ರಶ್ನಿಸಲಾಗಿತ್ತು. ಯಾವ ಅಂಶ ನೋಡಿ ಅಂಕ ಕೊಡಬೇಕು ಎಂಬುದನ್ನು ಸರ್ಕಾರ ಮೊದಲೇ ಗೊತ್ತುಮಾಡಿದೆ ಎಂದು ಹೇಳಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಎತ್ತಿ ಹಿಡಿಯಿತು.

ಅದಾಗಿ 16 ವರ್ಷಕ್ಕೆ, 1980ರ ನವೆಂಬರ್‌ನಲ್ಲಿ ಬಂದ ಅಜಯ್ ಹಾಸಿಯಾ ಪ್ರಕರಣದ ತೀರ್ಪಿನಲ್ಲಿ ಮಾತು ಬೇರೆಯೇ ಆಯಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕವಿದ್ದರೆ ಸಂದರ್ಶನಕ್ಕೆ 50 ಅಂಕ. ಒಬ್ಬೊಬ್ಬರನ್ನು ಮಾತನಾಡಿಸಿದ್ದು ಸರಾಸರಿ ಎರಡು, ಮೂರು ನಿಮಿಷ ಮಾತ್ರ, ಕೇಳಿದ್ದು ತಂದೆ ತಾಯಿ ಯಾರು, ಮನೆ ಎಲ್ಲಿ ಎಂದು ಎಂಬುದು ವಿದ್ಯಾರ್ಥಿಗಳ ದೂರು. ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ತೀರ್ಪು ಬರೆದ ಪಿ.ಎನ್. ಭಗವತಿ ಅವರು, ಅಭ್ಯರ್ಥಿಯ ಯೋಗ್ಯತೆಗೆ ಸಂಬಂಧವೇ ಇಲ್ಲದ ಇಂಥ ಪ್ರಶ್ನೆಗಳಿಂದ ಏನನ್ನೂ ಅಳೆಯಲಾಗದು ಎಂಬ ನಿಲುವು ತೆಗೆದುಕೊಂಡರು. ಒಟ್ಟು ಅಂಕದ ಮೂರನೇ ಒಂದು ಭಾಗವನ್ನು ಸಂದರ್ಶನಕ್ಕೆ ಇಡುವುದು ಮನಸೋಇಚ್ಛೆಗೆ ದಾರಿ, ಶೇ 15 ದಾಟಬಾರದು, ಸಾಧ್ಯವಾದರೆ ಸಂದರ್ಶನವನ್ನು ಟೇಪ್‌ನಲ್ಲಿ ಮುದ್ರಿಸಿಕೊಳ್ಳಿ ಎಂದೂ ಹೇಳಿದರು.

ಕೊನೆಗೆ ಕೇಂದ್ರ ಸರ್ಕಾರವೇ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನದ ಗೊಡವೆ ಬಿಟ್ಟಿತು. 2015ರ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ ಅವರು ಕೆಂಪುಕೋಟೆಯಿಂದ ಪ್ರಸ್ತಾಪಿಸಿದ ಈ ವಿಷಯ 2016ರ ಜನವರಿ 1ರಿಂದ ಜಾರಿಗೆ ಬಂತು. ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಈಗ ಸಂದರ್ಶನವಿಲ್ಲ. ಟೈಪಿಂಗ್‌ನಂಥ ಕೌಶಲ ಪರೀಕ್ಷೆ ಬೇಕಾದಲ್ಲಿ ಉಳಿದುಕೊಂಡಿದೆ.

ಸಯನ್‌ನ ಒಬ್ಬ ಹೋಟೆಲ್ ಮಾಲೀಕರಿಗೆ ಈ ಶೇ 15ರ ಲೆಕ್ಕ ಅನ್ವಯಿಸುವುದಿಲ್ಲ, ನಿಜ. ಅವರು ಸಂದರ್ಶನ ಬಿಡುವಂತೆಯೂ ಇಲ್ಲ. ಆದರೆ ‘ಮನೆ ಎಲ್ಲಿ?’ ಎಂಬ ಪ್ರಶ್ನೆ ಏನು ಮಾಡುತ್ತದೆ ಎಂಬುದನ್ನು ಸಯನ್‌ನಷ್ಟು ಚೆನ್ನಾಗಿ ಬಲ್ಲ ಜಾಗ ಇನ್ನೊಂದಿಲ್ಲ. ಹಳಿಯ ಆಚೆಗೇ ಧಾರಾವಿ. ಉತ್ತರವಾಗಿ ಆ ಹೆಸರು ಬಂದ ಕೂಡಲೇ ಕೇಳಿದವರ ಮುಖ ಬದಲಾದರೆ, ನಂತರದ ಹತ್ತು ನಿಮಿಷದ ಮಾತಿಗೆ ಅರ್ಥವಿಲ್ಲ. ಮಾಲೀಕರಿಗೆ ನಿಜವಾಗಿ ಬೇಕಿದ್ದುದು ವಿಳಾಸವಲ್ಲ, ಸಮಯಕ್ಕೆ ಬರುತ್ತಾರೋ ಇಲ್ಲವೋ ಎಂಬುದು. ಹಾಗಿದ್ದರೆ ಅದನ್ನೇ ಕೇಳಬಹುದು: ‘ಬೆಳಗ್ಗೆ 6 ಗಂಟೆಗೆ ಬಾಗಿಲು ತೆಗೆಯಬೇಕು. ಹೇಗೆ ಬರುತ್ತೀರಿ? ಟ್ರೈನ್ ನಿಂತ ದಿನ ಏನು ಮಾಡುತ್ತೀರಿ?’ ಸಯನ್ ಸ್ಟೇಷನ್ ಪಕ್ಕದ ಬ್ರಿಟಿಷರ ಕಾಲದ ಮೇಲ್ಸೇತುವೆಯನ್ನು ಮರುನಿರ್ಮಾಣಕ್ಕೆಂದು 2024ರ ಆಗಸ್ಟ್ 1ರಿಂದ ವಾಹನಗಳಿಗೆ ಮುಚ್ಚಿದ ಮೇಲೆ ಸುತ್ತು ಹಾಕಿ ಬರಬೇಕಾದವರಿಗೆ ಇದು ಕಾಲ್ಪನಿಕ ಪ್ರಶ್ನೆಯೇನಲ್ಲ.

ಬುದ್ಧಿವಂತಿಕೆಯ ಒಗಟು ಬೇಡ

ಕಠಿಣ ಪ್ರಶ್ನೆ ಕೇಳಿದರೆ ಒಳ್ಳೆಯವರು ಸಿಗುತ್ತಾರೆ ಎಂಬ ನಂಬಿಕೆ ಹಳೆಯದು. ಬಲ್ಬ್ ಖ್ಯಾತಿಯ ಥಾಮಸ್ ಎಡಿಸನ್ ತಮ್ಮಲ್ಲಿ ಕೆಲಸ ಕೇಳಿ ಬಂದವರಿಗೆ ಸಾಮಾನ್ಯ ಜ್ಞಾನದ ಉದ್ದನೆಯ ಪ್ರಶ್ನೆಪತ್ರಿಕೆ ಕೊಡುತ್ತಿದ್ದರು. 1921ರಲ್ಲಿ ಅದು ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅದೇ ವರ್ಷ ಅಲ್ಲಿಗೆ ಬಂದಿದ್ದ ಐನ್‌ಸ್ಟೈನ್ ಅವರಿಗೆ ಅದರಲ್ಲೊಂದನ್ನು, ಶಬ್ದದ ವೇಗ ಎಷ್ಟೆಂದು, ಕೇಳಿದರೆ ಪುಸ್ತಕದಲ್ಲಿ ಸಿಗುವುದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬರ್ಥದ ಉತ್ತರ ಬಂತು!

ಗೂಗಲ್ ಕೂಡ ವರ್ಷಗಟ್ಟಲೆ ಒಗಟು ಕೇಳಿತು. ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತದೆ ಎಂಬಂಥವು. ಆ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಜತೆ ಮಾತನಾಡುತ್ತಾ, ಒಗಟುಗಳಿಂದ ಏನೂ ತಿಳಿಯುವುದಿಲ್ಲ, ಕೇಳುವವರಿಗೆ ತಾವು ಜಾಣರು ಎನಿಸುತ್ತದೆ ಅಷ್ಟೇ ಎಂದು ಒಪ್ಪಿಕೊಂಡರು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಸಂದರ್ಶನದಲ್ಲಿ ಸಿಕ್ಕ ಅಂಕಕ್ಕೂ ಮುಂದೆ ಆ ವ್ಯಕ್ತಿ ಮಾಡಿದ ಕೆಲಸಕ್ಕೂ ಎಷ್ಟು ಹೊಂದಾಣಿಕೆ ಇದೆ ಎಂದು ಮನಶ್ಶಾಸ್ತ್ರಜ್ಞರು ಬಹಳ ಕಾಲದಿಂದ ಅಳೆಯುತ್ತಿದ್ದಾರೆ. ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.51 ಬಂತು. ಬಾಯಿಗೆ ಬಂದಂತೆ ಹರಟುವ ಸಂದರ್ಶನಕ್ಕೆ 0.38. ಪಾಲ್ ಸ್ಯಾಕೆಟ್ ಮತ್ತು ಸಹ ಸಂಶೋಧಕರು 2022ರಲ್ಲಿ ಲೆಕ್ಕಾಚಾರದ ಕ್ರಮವನ್ನೇ ಪರಿಷ್ಕರಿಸಿ ನೋಡಿದಾಗ ಎರಡೂ ಇಳಿದವು. ಮೊದಲನೆಯದು 0.42, ಎರಡನೆಯದು 0.19. ಅಂದರೆ ಅತಿ ಒಳ್ಳೆಯ ಸಂದರ್ಶನವೂ ಜ್ಯೋತಿಷ್ಯವಲ್ಲ, ತಪ್ಪು ಆಯ್ಕೆ ಆಗಿಯೇ ಆಗುತ್ತದೆ. ಆದರೆ ಹರಟೆಗಿಂತ ಎರಡು ಪಟ್ಟು ಮೇಲು. ಅದಕ್ಕೆ ಖರ್ಚಾಗುವುದು ಒಂದು ಹಾಳೆ ಮತ್ತು ಹಿಂದಿನ ದಿನದ ಅರ್ಧ ಗಂಟೆ.

ಗಲ್ಲಾಪೆಟ್ಟಿಗೆಗೆ ಯಾರನ್ನು ಕೂರಿಸುವುದು?

ಒಂದು ಉದಾಹರಣೆ ನೋಡೋಣ. ಸಯನ್ ಸರ್ಕಲ್ ಹತ್ತಿರದ ಉಡುಪಿ ಹೋಟೆಲ್ ಒಂದಕ್ಕೆ ಕ್ಯಾಷಿಯರ್ ಬೇಕು ಎಂದಿಟ್ಟುಕೊಳ್ಳಿ. ನಾಲ್ಕು ಜನ ಬಂದಿದ್ದಾರೆ.

‘ನೀವು ಪ್ರಾಮಾಣಿಕರೇ?’ ಎಂದು ಕೇಳಿದರೆ ನಾಲ್ವರದೂ ‘ಹೌದು ಸರ್’. ‘ರಶ್ ಇದ್ದಾಗ ನಿಭಾಯಿಸುತ್ತೀರಾ?’ ಎಂದರೆ ಮತ್ತೆ ನಾಲ್ಕು ‘ಹೌದು’. ಯಾವ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೋ ಆ ಪ್ರಶ್ನೆಯಿಂದ ಆಯ್ಕೆ ಸಾಧ್ಯವಿಲ್ಲ. ಹಾಳೆಯಲ್ಲಿ ಪ್ರಶ್ನೆ ಬರೆದಾದ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆ ಇದೇ: ಈ ಕೆಲಸ ಬರುವವರಿಗೂ ಬಾರದವರಿಗೂ ಉತ್ತರ ಬೇರೆ ಬೇರೆ ಆಗುತ್ತದೆಯೇ?

ಪ್ರಶ್ನೆ ಹುಡುಕಬೇಕಾದ್ದು ಪುಸ್ತಕದಲ್ಲಲ್ಲ, ಕೌಂಟರ್‌ನಲ್ಲಿ. ಹೋದ ವರ್ಷ ಅಲ್ಲಿ ಏನೇನು ತೊಂದರೆ ಆಯಿತು? ರಾತ್ರಿ ಲೆಕ್ಕ ತಾಳೆಯಾಗಲಿಲ್ಲ. ಪಾರ್ಸೆಲ್ ಬಿಲ್ ಮತ್ತು ಟೇಬಲ್ ಬಿಲ್ ಅದಲು ಬದಲಾಯಿತು. ಗ್ರಾಹಕರೊಬ್ಬರು ದುಡ್ಡು ಕಳಿಸಿದ್ದೇನೆ ಎಂದರು, ಬಂದಿರಲಿಲ್ಲ. ಇವೇ ಪ್ರಶ್ನೆಗಳಾಗುತ್ತವೆ.

‘ಹಿಂದಿನ ಕೆಲಸದಲ್ಲಿ ರಾತ್ರಿ ಲೆಕ್ಕ ಕಡಿಮೆ ಬಂದ ಒಂದು ದಿನದ ಬಗ್ಗೆ ಹೇಳಿ. ಎಷ್ಟು ಕಡಿಮೆ ಇತ್ತು? ಮೊದಲು ಏನು ನೋಡಿದಿರಿ? ಯಾರಿಗೆ ಹೇಳಿದಿರಿ?’ ಕೌಂಟರ್‌ನಲ್ಲಿ ಕೂತವರಿಗೆ ಇಂಥ ದಿನ ನೆನಪಿದ್ದೇ ಇರುತ್ತದೆ. ಬಿಲ್ ಬುಕ್ ಮತ್ತೆ ಎಣಿಸಿದೆ, ಯುಪಿಐ ಮೊತ್ತ ಬೇರೆ ಮಾಡಿದೆ, ತರಕಾರಿಯವರಿಗೆ ಕೊಟ್ಟದ್ದು ಬರೆದಿರಲಿಲ್ಲ, ಅದು ಸಿಕ್ಕಿತು, ಇನ್ನೂ 200 ಸಿಗಲಿಲ್ಲ, ಮಾಲೀಕರಿಗೆ ಆಗಲೇ ಹೇಳಿದೆ. ಹೀಗೆ ಮಾತು ವಿವರಕ್ಕೆ ಇಳಿದರೆ ಅದರಲ್ಲಿ ಕೆಲಸ ಕಾಣುತ್ತದೆ. ‘ನನಗೆ ಒಂದು ದಿನವೂ ಕಡಿಮೆ ಬಂದಿಲ್ಲ’ ಎನ್ನುವವರ ಬಗ್ಗೆ ಸ್ವಲ್ಪ ಯೋಚಿಸಬೇಕು. ‘ಕೈಯಿಂದ ಹಾಕಿ ಸರಿ ಮಾಡಿದೆ’ ಎಂಬ ಉತ್ತರ ಕೇಳಲು ಒಳ್ಳೆಯದೆನಿಸುತ್ತದೆ, ಆದರೆ ಕೈಯಿಂದ ಹಾಕಿ ಮುಚ್ಚುವವರು ತಪ್ಪು ಎಲ್ಲಿದೆ ಎಂದು ಹುಡುಕುವುದಿಲ್ಲ.

ಎರಡನೆಯ ಬಗೆ, ಸನ್ನಿವೇಶ ಕೊಟ್ಟು ಕೇಳುವುದು. ‘ಭಾನುವಾರ ಮಧ್ಯಾಹ್ನ, ಕೌಂಟರ್ ಮುಂದೆ ಎಂಟು ಜನ. ಒಬ್ಬರು 640 ರೂಪಾಯಿ ಕಳಿಸಿದ್ದೇನೆಂದು ಮೊಬೈಲ್ ಸ್ಕ್ರೀನ್ ತೋರಿಸುತ್ತಾರೆ. ಸೌಂಡ್ ಬಾಕ್ಸ್ ಮಾತಾಡಿಲ್ಲ. ಜತೆಗೆ ಮನೆಯವರಿದ್ದಾರೆ, ಸಿಟ್ಟಾಗಿದ್ದಾರೆ. ಏನು ಮಾಡುತ್ತೀರಿ?’ ಇಲ್ಲಿ ಒಳ್ಳೆಯ ಉತ್ತರ ಯಾವುದು ಎಂಬುದನ್ನು ಮಾಲೀಕರು ಸಂದರ್ಶನಕ್ಕೆ ಮೊದಲೇ ಬರೆದಿಟ್ಟಿರಬೇಕು. ಜಗಳವಾಡುವುದು ಅಥವಾ ಹೆದರಿ ಬಿಟ್ಟು ಕಳಿಸುವುದು 1 ಅಂಕ. ಗ್ರಾಹಕರನ್ನು ಪಕ್ಕಕ್ಕೆ ಕರೆದು ಕೂರಿಸಿ, ಸಾಲು ಮುಂದುವರಿಸಿ, ಹೋಟೆಲ್ ಮೊಬೈಲ್‌ನಲ್ಲಿ ಖಾತೆ ನೋಡುವುದು 2. ಅದರ ಜತೆ ವಹಿವಾಟಿನ ಸಂಖ್ಯೆ, ಫೋನ್ ನಂಬರ್ ಬರೆದುಕೊಂಡು ಮಾಲೀಕರಿಗೆ ತಿಳಿಸುವುದು 3. ಮೊದಲೇ ಬರೆದಿಡದಿದ್ದರೆ, ನಗುನಗುತ್ತಾ ಮಾತಾಡಿದವರ ಉತ್ತರವೇ ಸರಿ ಎಂದು ಕಾಣುವ ಅಪಾಯವಿದೆ.

ಎದುರಿಗಿರುವವರು ಈಗಷ್ಟೇ ಕಾಲೇಜು ಮುಗಿಸಿದ್ದರೆ ಹಿಂದಿನ ಕೆಲಸದ ಪ್ರಶ್ನೆ ನಡೆಯದು. ಸಯನ್‌ನ ಎಸ್‌ಐಇಎಸ್ ಕಾಲೇಜಿನಂಥ ಕಡೆಯಿಂದ ಬರುವ ಪದವೀಧರರಿಗೆ ಅನುಭವವೇ ಇಲ್ಲ ಎಂದಲ್ಲ. ಕಾಲೇಜು ಫೆಸ್ಟ್‌ನ ದುಡ್ಡಿನ ಲೆಕ್ಕ ಇಟ್ಟಿರುತ್ತಾರೆ, ಗಣಪತಿ ಮಂಡಲದಲ್ಲಿ ಚಂದಾ ಎತ್ತಿರುತ್ತಾರೆ, ಮಕ್ಕಳಿಗೆ ಟ್ಯೂಷನ್ ಹೇಳಿರುತ್ತಾರೆ. ಅದನ್ನು ಕೇಳಬಹುದು. ‘ಅನುಭವ ಇದೆಯಾ? ಇಲ್ಲವಾ? ಸರಿ ಹೋಗಿ’ ಎಂದರೆ ನಷ್ಟ ಅಂಗಡಿಯದ್ದೇ.

ದೋಸೆ ಭಟ್ಟರಿಗೆ ಮಾತಿನ ಪರೀಕ್ಷೆ ಯಾಕೆ?

ಕೆಲವು ಕೆಲಸಕ್ಕೆ ಪ್ರಶ್ನೆಯೇ ಬೇಡ. ಹಿಟ್ಟು ಕೊಟ್ಟು ಕಾವಲಿ ಮುಂದೆ ನಿಲ್ಲಿಸಿದರೆ ಆಯಿತು; ಹತ್ತು ದೋಸೆಯಲ್ಲಿ ತಿಳಿಯುತ್ತದೆ. ಟ್ಯೂಷನ್ ಕ್ಲಾಸಿನವರು ಹತ್ತು ನಿಮಿಷ ಪಾಠ ಮಾಡಿಸಬಹುದು, ಆಡಿಟ್ ಕಚೇರಿಯವರು ಬೇಕೆಂದೇ ತಪ್ಪಿರುವ ಒಂದು ಲೆಕ್ಕದ ಹಾಳೆ ಕೊಡಬಹುದು. ಹೋಟೆಲ್‌ನವರಿಗೆ ಇದು ಹೊಸದೇನಲ್ಲ, ‘ಒಂದು ದಿನ ನೋಡುವ’ ಎನ್ನುವುದು ಅವರ ಹಳೆಯ ರೂಢಿ. ಆದರೆ ಆ ಒಂದು ದಿನ ಮೂರು ದಿನವಾಗಿ, ವಾರವಾಗಿ, ಕೊನೆಗೆ ದುಡ್ಡೂ ಕೊಡದೆ ‘ಆಗಲಿಲ್ಲ’ ಎಂದು ಕಳಿಸುವುದಿದೆಯಲ್ಲ, ಅದು ಪರೀಕ್ಷೆಯಲ್ಲ, ಬಿಟ್ಟಿ ದುಡಿಮೆ. ದಿನವಿಡೀ ಕೆಲಸ ಮಾಡಿಸಿದರೆ ದಿನದ ಕೂಲಿ ಕೊಡಬೇಕು.

ಭಾಷೆಯ ವಿಷಯವೂ ಹೀಗೆಯೇ. ಮುಂಬೈನಲ್ಲಿ ಕೌಂಟರ್ ಕೆಲಸಕ್ಕೆ ಮರಾಠಿ, ಹಿಂದಿ ಬೇಕು ಎನ್ನುವುದು ನ್ಯಾಯವಾದ ಮಾತು. ಅದಕ್ಕೆ ‘ಮಾತೃಭಾಷೆ ಯಾವುದು?’ ಎಂದು ಕೇಳಬೇಕಿಲ್ಲ. ಮರಾಠಿಯಲ್ಲೇ ಒಂದು ಪಾರ್ಸೆಲ್ ಆರ್ಡರ್ ಹೇಳಿ, ಬರೆದುಕೊಳ್ಳಲು ಬಿಟ್ಟರೆ ಸಾಕು. ತುಳು ಮಾತಾಡುವವರು ಸಿಕ್ಕಿದಾಗ ಆಗುವ ಖುಷಿ ಸಹಜ. ಆದರೆ ಆ ಖುಷಿಯಲ್ಲೇ ಸಂದರ್ಶನ ಮುಗಿದುಹೋಗುತ್ತದೆ.

‘ಮದುವೆ ಯಾವಾಗ?’

ಮಹಿಳೆಯರಿಗೆ ಮಾತ್ರ ಎದುರಾಗುವ ಒಂದಷ್ಟು ಪ್ರಶ್ನೆಗಳಿವೆ. ಮದುವೆ ಗೊತ್ತಾಗಿದೆಯಾ? ಮಕ್ಕಳು ಎಷ್ಟು? ಗಂಡನ ಮನೆಯವರು ಒಪ್ಪಿದ್ದಾರಾ? ಕೇಳುವವರು ಕಾಳಜಿಯಿಂದ ಕೇಳಿದೆ ಎನ್ನಬಹುದು. ಆದರೆ ಅದೇ ದಿನ ಅದೇ ಕುರ್ಚಿಯಲ್ಲಿ ಕೂತ ಗಂಡಸಿಗೆ ಈ ಪ್ರಶ್ನೆ ಬರುವುದಿಲ್ಲ.

ಈ ಅಭ್ಯಾಸ ಸಣ್ಣ ಅಂಗಡಿಗಳದ್ದಷ್ಟೇ ಅಲ್ಲ. ಮುಂಬೈನಲ್ಲೇ ಕೇಂದ್ರ ಕಚೇರಿ ಇರುವ ಭಾರತೀಯ ಜೀವ ವಿಮಾ ನಿಗಮ, ಅಂದರೆ ಎಲ್‌ಐಸಿ, ಕೆಲಸಕ್ಕೆ ಸೇರುವ ಮಹಿಳೆಯರಿಂದ ಭರ್ತಿ ಮಾಡಿಸಿಕೊಳ್ಳುತ್ತಿದ್ದ ಘೋಷಣಾ ಪತ್ರದಲ್ಲಿ ಒಂದು ಕಾಲಕ್ಕೆ ಮುಟ್ಟು ನಿಯಮಿತವೇ, ಕೊನೆಯ ಮುಟ್ಟು ಯಾವಾಗ, ಎಷ್ಟು ಸಲ ಗರ್ಭಿಣಿಯಾಗಿದ್ದಿರಿ ಎಂಬ ಕಾಲಂಗಳಿದ್ದವು. ಹೆರಿಗೆ ರಜೆ ಪಡೆದ ಉದ್ಯೋಗಿಯೊಬ್ಬರನ್ನು, ಆ ಕಾಲಂನಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂಬ ಕಾರಣಕ್ಕೆ ಪ್ರೊಬೇಷನ್ ಅವಧಿಯಲ್ಲೇ ಕೆಲಸದಿಂದ ತೆಗೆಯಲಾಯಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಹೇಳಿತು. ಆ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ, ಆತ್ಮಗೌರವಕ್ಕೆ ಧಕ್ಕೆ ತರುವಂಥವು, ಅವನ್ನು ಪತ್ರದಿಂದಲೇ ತೆಗೆಯಿರಿ ಎಂದು ನಿಗಮಕ್ಕೆ ಸೂಚಿಸಿತು.

ನೇಮಕಾತಿಯಲ್ಲಿ ಹೆಣ್ಣು ಎಂಬ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎಂಬುದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೂ ಇದನ್ನೇ ಹೇಳುತ್ತದೆ. ‘ಮದುವೆ ಯಾವಾಗ’ ಎಂದು ಕೇಳಿ, ಉತ್ತರ ನೋಡಿ ಕೆಲಸ ನಿರಾಕರಿಸಿದರೆ ಅದೇ ತಾರತಮ್ಯಕ್ಕೆ ಪುರಾವೆಯಾಗಬಹುದು. ರಾತ್ರಿ 9ರವರೆಗೆ ಕ್ಲಿನಿಕ್ ತೆರೆದಿರುತ್ತದೆ ಎಂದಾದರೆ, ‘ವಾರಕ್ಕೆ ಮೂರು ದಿನ ರಾತ್ರಿ 9ರವರೆಗೆ ಇರಬೇಕು, ಆಗುತ್ತದೆಯೇ?’ ಎಂದು ಬಂದ ಎಲ್ಲರಿಗೂ, ಗಂಡಸರಿಗೂ, ಒಂದೇ ರೀತಿ ಕೇಳಿದರೆ ಮುಗಿಯಿತು.

‘ಮಾಡಿದ್ವಿ’ ಎಂದವರು ಏನೂ ಮಾಡಿಲ್ಲವೇ?

ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಕೇಳಿಸಿಕೊಳ್ಳುವ ರೀತಿ ಕೆಟ್ಟರೆ ಕೆಟ್ಟಿತು. ಕನ್ನಡದವರಲ್ಲಿ ಒಂದು ರೂಢಿ ಇದೆ. ಒಬ್ಬರೇ ನಿಂತು ಮಾಡಿದ ಕೆಲಸವನ್ನೂ ‘ನಾವು ಮಾಡಿದ್ವಿ’, ‘ಎಲ್ಲ ಸೇರಿ ಸರಿ ಮಾಡಿದೆವು’ ಎನ್ನುತ್ತಾರೆ. ನಾನು, ನನ್ನಿಂದ ಎಂದರೆ ಜಂಭ ಎಂದು ಮನೆಯಲ್ಲಿ ಕಲಿತವರು. ಇದನ್ನು ಕೇಳಿ ‘ಇವರ ಪಾತ್ರ ಏನೂ ಇರಲಿಲ್ಲ’ ಎಂದು ಅಂಕ ಕಡಿಮೆ ಮಾಡುವುದು ಅನ್ಯಾಯ. ‘ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದಿತ್ತು?’ ಎಂದು ಒಂದು ಮಾತು ಕೇಳಬೇಕು. ಆಗ ಎರಡು ನಿಮಿಷದ ಒಳ್ಳೆಯ ಉತ್ತರ ಹೊರಬರಬಹುದು. ನಿಜಕ್ಕೂ ಪಾಲು ಇಲ್ಲದಿದ್ದವರು ಅಲ್ಲೇ ತಡವರಿಸುತ್ತಾರೆ. ಉತ್ತರಕ್ಕೆ ಮುಂಚೆ ಹತ್ತು ಸೆಕೆಂಡ್ ಮೌನವಾದರೆ ಮಾಲೀಕರು ಗಾಬರಿಯಾಗಿ ತಾವೇ ಉತ್ತರ ಹೇಳಿಕೊಡುವುದೂ ಉಂಟು. ಸುಮ್ಮನಿದ್ದರೆ ಒಳ್ಳೆಯದು, ನೆನಪಿಸಿಕೊಳ್ಳಲು ಸಮಯ ಬೇಕು.

ಐದು ಪ್ರಶ್ನೆ, ಒಂದೊಂದಕ್ಕೆ ಮೂರು ಅಂಕ. ಸಣ್ಣ ಜಾಗಕ್ಕೆ ಇಷ್ಟು ಧಾರಾಳ. ಒಬ್ಬರು ಎದ್ದು ಹೋದ ಕೂಡಲೇ ಅಂಕ ಬರೆಯಬೇಕು, ಸಂಜೆ ಬರೆಯೋಣ ಎಂದರೆ ಕೊನೆಗೆ ಬಂದವರ ಮುಖ ಮಾತ್ರ ನೆನಪಿರುತ್ತದೆ. ಮಾಲೀಕರ ಜತೆ ಮ್ಯಾನೇಜರ್ ಕೂತಿದ್ದರೆ ಇಬ್ಬರೂ ಬೇರೆ ಬೇರೆ ಬರೆದು, ಆಮೇಲೆ ಹೋಲಿಸಬೇಕು. ಮೊದಲೇ ಮಾತಾಡಿಕೊಂಡರೆ ಮ್ಯಾನೇಜರ್ ಅಂಕ ಮಾಲೀಕರ ಅಂಕಕ್ಕೆ ತಾಳೆಯಾಗಿಬಿಡುತ್ತದೆ. ಪರಿಚಯದವರು ಕಳಿಸಿದ ಹುಡುಗನೂ ಇದೇ ಐದು ಪ್ರಶ್ನೆಗೆ ಉತ್ತರಿಸಬೇಕು. ಸಂಘದಲ್ಲಿ, ಪೂಜೆಯಲ್ಲಿ ಸಿಗುವ ಪರಿಚಯಸ್ಥರ ಶಿಫಾರಸನ್ನು ತಳ್ಳಿಹಾಕುವುದು ಮುಂಬೈ ಕನ್ನಡಿಗರಿಗೆ ಕಷ್ಟ. ಅಂಕದ ಹಾಳೆ ಕೈಯಲ್ಲಿದ್ದರೆ ‘ಉಳಿದವರಿಗಿಂತ ಕಡಿಮೆ ಬಂತು’ ಎಂದು ಹೇಳಲು ಒಂದು ಆಧಾರವಾದರೂ ಸಿಗುತ್ತದೆ.

ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯಾ?’ ಎಂಬುದು ಶಾಸ್ತ್ರಕ್ಕೆ ಕೇಳುವ ಮಾತಾಗಿಬಿಟ್ಟಿದೆ. ಸಂಬಳದ ತಾರೀಖು, ವಾರದ ರಜೆ, ಪಿಎಫ್, ಇರಲು ಕೋಣೆ ಕೊಟ್ಟರೆ ಒಂದು ಕೋಣೆಯಲ್ಲಿ ಎಷ್ಟು ಜನ ಎಂಬುದನ್ನೆಲ್ಲ ಕೆಲಸ ಕೇಳಲು ಬಂದವರು ಸಂಕೋಚದಿಂದ ಕೇಳುವುದಿಲ್ಲ, ಮಾಲೀಕರು ಹೇಳುವುದಿಲ್ಲ. ಹದಿನೈದು ದಿನಕ್ಕೆ ಬಿಟ್ಟು ಹೋಗುವವರಲ್ಲಿ ಬಹಳ ಮಂದಿ ಇಲ್ಲೇ ಕಳಚಿಕೊಳ್ಳುತ್ತಾರೆ. ಅವರು ಕೇಳದಿದ್ದರೂ ಇಷ್ಟನ್ನು ಮಾಲೀಕರೇ ಹೇಳಿ, ಉತ್ತರ ಯಾವ ದಿನ ತಿಳಿಸುತ್ತೇವೆ ಎಂದೂ ಹೇಳಿ ಕಳಿಸಬೇಕು. ಕಲ್ಯಾಣ್‌ನಿಂದ ಸಯನ್‌ಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದವರಿಗೆ ‘ಆಗಲಿಲ್ಲ’ ಎಂಬ ಒಂದು ಫೋನ್ ಕಾಲ್ ಆದರೂ ಬರಬೇಕು.